ಕೈಯಲ್ಲಿ ಕಟ್ಟಿದ ವಿಮಾನಕ್ಕೆ ಖಾನಾಪುರದ ಬಯಲು

ಬೆಳಗಾವಿಗೂ ವಿಮಾನಕ್ಕೂ ಹಳೆಯ ನಂಟು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಕಟ್ಟಿತು. ಅದೇ ಸಾಂಬ್ರಾದಲ್ಲಿ ಇಂದು ನಮ್ಮ ವಾಯುಪಡೆಯ ಏರ್‌ಮನ್‌ಗಳಿಗೆ ತರಬೇತಿ ನಡೆಯುತ್ತದೆ. ಹತ್ತರಗಿಯ ಏರೋಸ್ಪೇಸ್ ವಿಶೇಷ ಆರ್ಥಿಕ ವಲಯದಲ್ಲಿ ತಯಾರಾದ ಬಿಡಿಭಾಗಗಳು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಹೋಗುತ್ತವೆ. ರಾಜ್ಯದ ಏರೋನಾಟಿಕಲ್ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಓದುವ ಪಠ್ಯಕ್ರಮ ರೂಪುಗೊಳ್ಳುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮವೂ ಇಲ್ಲೇ ಇದೆ. ಇಷ್ಟೆಲ್ಲ ಇರುವ ಊರಿನಲ್ಲಿ ಒಂದು ವಿಮಾನವನ್ನು ಕೈಯಾರೆ ಕಟ್ಟಿ, ಅದರ ಎಂಜಿನ್ ಚಾಲೂ ಮಾಡಿ, ಹಾರಿಸಿ, ಕ್ಷೇಮವಾಗಿ ನೆಲಕ್ಕಿಳಿಸಿದ ಮಕ್ಕಳು ಎಷ್ಟು ಮಂದಿ ಸಿಕ್ಕಾರು? ಅಂಥ ಮಕ್ಕಳು ಹೆಚ್ಚಬೇಕು ಎಂಬುದು ನನ್ನ ಆಸೆ. ಅದಕ್ಕೆ ಬೇಕಾದದ್ದು ಬಹುಮಟ್ಟಿಗೆ ನಮ್ಮಲ್ಲೇ ಇದೆ ಎಂಬುದು ನನ್ನ ವಾದ.

ನಾನು ಹೇಳುತ್ತಿರುವುದು ಗ್ಲೋ ಎಂಜಿನ್ ಕೂರಿಸಿದ ರಿಮೋಟ್ ವಿಮಾನದ ಬಗ್ಗೆ. ಹವ್ಯಾಸಿಗಳು ಇದನ್ನು ಆರ್‌ಸಿ ವಿಮಾನ ಎನ್ನುತ್ತಾರೆ. ಕಲಿಯುವವರಿಗೆ ಹೊಂದುವ ಒಂದು ಸಾಮಾನ್ಯ ಮಾದರಿಯ ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್, ಒಟ್ಟು ತೂಕ ಎರಡೂವರೆ ಕಿಲೋ ಆಸುಪಾಸು. ಅದರ ಮೂತಿಯಲ್ಲಿ ಆರೂವರೆಯಿಂದ ಏಳೂವರೆ ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್ ಇರುತ್ತದೆ. ಅಂಗೈಯಲ್ಲಿ ಹಿಡಿಸುವ ಈ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ ಒಂದು ಕುದುರೆಶಕ್ತಿಗಿಂತ ಹೆಚ್ಚು ಬಲ ಕೊಡುತ್ತದೆ. ಸಣ್ಣ ಮಾದರಿಗಳಿಗೆ ಎರಡೂವರೆ ಸಿ.ಸಿ.ಯ ಎಂಜಿನ್‌ಗಳಿವೆ, ಅಮೆರಿಕದ ಕಾಕ್ಸ್ ಕಂಪನಿಯ ಹೆಸರುವಾಸಿ ಎಂಜಿನ್‌ಗಳು ಒಂದು ಸಿ.ಸಿ.ಗಿಂತಲೂ ಚಿಕ್ಕವಾಗಿದ್ದವು.

ಬೈಕಿನ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇದೆ, ಲಾರಿಯ ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿಯೇ ಇಂಧನ ಹೊತ್ತಿಸುತ್ತದೆ. ಗ್ಲೋ ಎಂಜಿನ್ ಇವೆರಡರ ನಡುವಿನ ದಾರಿ ಹಿಡಿದಿದೆ. ಅದರ ಪ್ಲಗ್‌ನಲ್ಲಿ ಪ್ಲಾಟಿನಂ ಬೆರೆತ ತಂತಿಯ ಪುಟ್ಟ ಸುರುಳಿ ಇರುತ್ತದೆ. ಚಾಲೂ ಮಾಡುವಾಗ ಒಂದೂವರೆ ವೋಲ್ಟಿನ ಬ್ಯಾಟರಿ ಹಚ್ಚಿದರೆ ಸುರುಳಿ ಕೆಂಪಗೆ ಕಾಯುತ್ತದೆ. ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದುಬಿಡಬಹುದು. ಮೆಥನಾಲ್ ಆವಿ ಪ್ಲಾಟಿನಂ ಮೇಲ್ಮೈಗೆ ತಾಗಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದಲೇ ಶಾಖ ಹುಟ್ಟುತ್ತದೆ. ಅದಕ್ಕೆ ಹಿಂದಿನ ಸ್ಫೋಟದ ಬಿಸಿ ಮತ್ತು ಒತ್ತಡದ ಬಿಸಿ ಸೇರಿ ಸುರುಳಿ ಆರದೆ ಉಳಿಯುತ್ತದೆ. ಹೀಗೆ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಒಂದನ್ನೂ ಹೊರದೆ ಎಂಜಿನ್ ಓಡುತ್ತದೆ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದಾಗ ಕಿರು ವಿಮಾನಗಳ ಮೈಯಿಂದ ದೊಡ್ಡ ಭಾರವೇ ಇಳಿಯಿತು. ಅದಕ್ಕೂ ಹತ್ತು ವರ್ಷ ಮುಂಚೆ, 1937ರಲ್ಲಿ, ಅದೇ ದೇಶದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅಣ್ಣತಮ್ಮಂದಿರು ರೇಡಿಯೊ ಮೂಲಕ ಮಾದರಿ ವಿಮಾನ ಹಾರಿಸಿ ತೋರಿಸಿದ್ದರು. ಹಗುರಾದ ಎಂಜಿನ್ ಮತ್ತು ರೇಡಿಯೊ ಜೊತೆಗೂಡಿದ ಮೇಲೆ ಈ ಹವ್ಯಾಸ ಜಗತ್ತಿನ ತುಂಬ ಹಬ್ಬಿತು. ನಮ್ಮ ದೇಶದಲ್ಲೂ ಕೋಲ್ಕತ್ತಾದಲ್ಲಿ ಅರೋರಾ ಹೆಸರಿನ ಕಿರು ಎಂಜಿನ್‌ಗಳು ತಯಾರಾದವು. ಎನ್‌ಸಿಸಿಯ ವಾಯು ವಿಭಾಗ ಏರೋಮಾಡೆಲಿಂಗ್ ಅನ್ನು ಇಂದಿಗೂ ಕೆಡೆಟ್‌ಗಳಿಗೆ ಕಲಿಸುತ್ತದೆ.

ಇದರ ಇಂಧನ ಪೆಟ್ರೋಲ್ ಅಲ್ಲ. ಸುಮಾರು ಎಪ್ಪತ್ತು ಪಾಲು ಮೆಥನಾಲ್, ಇಪ್ಪತ್ತು ಪಾಲಿನಷ್ಟು ಎಣ್ಣೆ, ಉಳಿದದ್ದು ನೈಟ್ರೋಮೀಥೇನ್. ನೈಟ್ರೋ ಇಲ್ಲದೆಯೂ ಎಂಜಿನ್ ಓಡುತ್ತದೆ. ಅದು ಇದ್ದರೆ ಬಲ ಹೆಚ್ಚು, ಐಡಲ್ ಸ್ಥಿರ. ಎಣ್ಣೆಯ ಪಾಲಿಗೆ ಮೊದಲಿನಿಂದಲೂ ಹೆಸರಾದದ್ದು ನಮ್ಮ ಹೊಲಗಳಲ್ಲಿ ಬೆಳೆಯುವ ಔಡಲದ ಎಣ್ಣೆ. ಸಾಮಾನ್ಯ ಎಂಜಿನ್ ಆಯಿಲ್ ಮೆಥನಾಲ್‌ನಲ್ಲಿ ಬೆರೆಯುವುದಿಲ್ಲ, ಔಡಲ ಎಣ್ಣೆ ಚೆನ್ನಾಗಿ ಬೆರೆಯುತ್ತದೆ. ಎಂಜಿನ್ ಅತಿಯಾಗಿ ಕಾದರೂ ಅದರ ಪದರ ಪಿಸ್ಟನ್ ಮೇಲಿಂದ ಬೇಗ ಕಳಚದು. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳೂ ಇದೇ ಎಣ್ಣೆಯ ಮೇಲೆ ಹಾರಿದವು. ಇದಕ್ಕೊಂದು ದೋಷವೂ ಇದೆ: ಸುಟ್ಟ ಎಣ್ಣೆ ಕಂದು ಅಂಟಾಗಿ ಸಿಲಿಂಡರಿಗೆ ಹಿಡಿಯುತ್ತದೆ. ಆದ್ದರಿಂದ ಈಗ ಸಿಂಥೆಟಿಕ್ ಎಣ್ಣೆಗೆ ಸ್ವಲ್ಪ ಔಡಲ ಎಣ್ಣೆ ಸೇರಿಸಿ ಬಳಸುವುದು ರೂಢಿ. ಒಂದು ಗ್ರಾಂ ಪೆಟ್ರೋಲ್ ಉರಿಯಲು ಸುಮಾರು ಹದಿನೈದು ಗ್ರಾಂ ಗಾಳಿ ಬೇಕು. ಮೆಥನಾಲ್‌ಗೆ ಆರೂವರೆ ಗ್ರಾಂ ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಇಂಧನ ಖರ್ಚಾಗುತ್ತದೆ. ಮುನ್ನೂರು ಮಿಲಿಲೀಟರ್ ಟ್ಯಾಂಕು ಹತ್ತು ಹನ್ನೆರಡು ನಿಮಿಷ ಬಂದರೆ ಹೆಚ್ಚು. ಆದರೆ ಹಾಗೆ ಒಳಹೋಗುವ ಮೆಥನಾಲ್ ಆವಿಯಾಗುತ್ತ ಎಂಜಿನ್ನನ್ನು ತಂಪಾಗಿಡುತ್ತದೆ.

ಈ ಎಂಜಿನ್ನಿನ ವಿದ್ಯೆಯೆಲ್ಲ ಇರುವುದು ಕಾರ್ಬ್ಯುರೇಟರಿನ ನೀಡಲ್‌ನಲ್ಲಿ. ನೀಡಲ್ ತೆರೆದರೆ ಇಂಧನ ಹೆಚ್ಚಾಗಿ ಎಂಜಿನ್ ಭಾರವಾಗಿ, ತಡೆತಡೆದು ಸದ್ದು ಮಾಡುತ್ತದೆ. ಇದು ರಿಚ್. ಮುಚ್ಚುತ್ತ ಬಂದಂತೆ ಸದ್ದು ಏರಿ, ಒಂದು ಹಂತದಲ್ಲಿ ತಿಳಿಯಾದ ಏಕಧ್ವನಿಯಾಗುತ್ತದೆ. ಇನ್ನೂ ಮುಚ್ಚಿದರೆ ಇಂಧನ ಸಾಲದೆ ಕಾದು, ಬಲ ಕುಸಿದು, ನಿಲ್ಲುತ್ತದೆ. ಇದು ಲೀನ್. ಸರಿಯಾದ ಜಾಗ ಅತಿ ಎತ್ತರದ ಸದ್ದಿಗಿಂತ ಒಂದೆರಡು ಕ್ಲಿಕ್ ರಿಚ್ ಕಡೆಗೆ ಇರುತ್ತದೆ. ಯಾಕೆಂದರೆ ವಿಮಾನ ಮೂತಿ ಎತ್ತಿ ಏರುವಾಗ ಟ್ಯಾಂಕಿನಿಂದ ಇಂಧನ ಮೇಲಕ್ಕೆ ಹತ್ತಬೇಕಾಗಿ ಮಿಶ್ರಣ ತಾನೇ ಲೀನ್ ಆಗುತ್ತದೆ. ಅದಕ್ಕೇ ಹಾರಿಸುವ ಮೊದಲು ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದು, ಮೂತಿಯನ್ನು ಆಕಾಶಕ್ಕೆತ್ತಿ, ಪೂರ್ತಿ ಥ್ರಾಟಲ್‌ನಲ್ಲಿ ಸದ್ದು ಕುಂದುತ್ತದೆಯೇ ಎಂದು ಕೇಳುತ್ತಾರೆ. ತಂಬೂರಿ ಶ್ರುತಿ ಮಾಡುವವರ ಕಿವಿಯಂತೆ ಇಲ್ಲೂ ಕಿವಿ ನಿಧಾನವಾಗಿ ಪಳಗುತ್ತದೆ. ಯಾವ ಮೀಟರೂ ಇಲ್ಲದೆ ಗಾಳಿ ಮತ್ತು ಇಂಧನದ ಅನುಪಾತವನ್ನು ಸದ್ದಿನಿಂದಲೇ ಗುರುತಿಸುವ ಹುಡುಗಿಗೆ ಮುಂದೆ ಕಾಲೇಜಿನಲ್ಲಿ ದಹನಕ್ರಿಯೆಯ ಪಾಠ ಬೋರ್ಡಿನ ಮೇಲಿನ ಸಮೀಕರಣವಾಗಿ ಉಳಿಯುವುದಿಲ್ಲ.

ಇಲ್ಲಿ ಬೆಳಗಾವಿಯ ಗಾಳಿಯ ಮಾತು ಬರಬೇಕು. ಸಾಂಬ್ರಾ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಈ ಎತ್ತರಕ್ಕೇ ಗಾಳಿಯ ಸಾಂದ್ರತೆ ಕಡಲ ತೀರಕ್ಕಿಂತ ಶೇಕಡ 7ರಷ್ಟು ಕಡಿಮೆ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲು ಸೇರಿದರೆ, ಪಠ್ಯಪುಸ್ತಕದ 15 ಡಿಗ್ರಿಯ ಕಡಲ ಗಾಳಿಗೆ ಹೋಲಿಸಿದಾಗ, ಕೊರತೆ ಶೇಕಡ 15ರ ಹತ್ತಿರ ಬರುತ್ತದೆ. ಎಂಜಿನ್ ಒಳಗೆ ಗಾಳಿ ಕಡಿಮೆ ಹೋದ್ದರಿಂದ ಬಲ ಇಳಿಯುತ್ತದೆ. ಕಾರವಾರದ ದಂಡೆಯಲ್ಲಿ ಸರಿ ಹೊಂದಿಸಿದ ನೀಡಲ್ ಇಲ್ಲಿ ರಿಚ್ ಆಗುತ್ತದೆ. ರೆಕ್ಕೆಗೂ ಇದೇ ಲೆಕ್ಕ. ಮೇಲೆ ಹೇಳಿದ ಗಾತ್ರದ ವಿಮಾನ ಕಡಲ ತೀರದಲ್ಲಿ ಗಂಟೆಗೆ ಸುಮಾರು 31 ಕಿಲೋಮೀಟರ್ ವೇಗದವರೆಗೆ ಗಾಳಿಯಲ್ಲಿ ನಿಲ್ಲುತ್ತದೆ ಎಂದಾದರೆ, ಬೆಳಗಾವಿಯ ಬೇಸಿಗೆಯಲ್ಲಿ 34ಕ್ಕೇ ಸ್ಟಾಲ್ ಆಗಿ ಕೆಳಗಿಳಿಯುತ್ತದೆ. ಮೂರು ಕಿಲೋಮೀಟರ್ ಸಣ್ಣದೆನಿಸಬಹುದು. ಇಳಿಸುವಾಗ ನೆಲ ಎರಡು ಮೀಟರ್ ಕೆಳಗಿದ್ದಾಗ ಅದೇ ಲೆಕ್ಕ ವಿಮಾನವನ್ನು ಉಳಿಸುತ್ತದೆ ಅಥವಾ ಮುರಿಯುತ್ತದೆ. ಸಾಂಬ್ರಾದಲ್ಲಿ ದೊಡ್ಡ ವಿಮಾನ ಇಳಿಸುವ ಪೈಲಟ್ ಮಾಡುವ ಲೆಕ್ಕವೂ ಇದೇ ಜಾತಿಯದು.

ಇನ್ನು ಕಟ್ಟುವ ಕೆಲಸ. ಇದಕ್ಕೆ ರಾಮತೀರ್ಥ ನಗರದಂಥ ಬಡಾವಣೆಯ ಒಂದು ಕೋಣೆ, ಒಂದು ಸಪಾಟಾದ ಟೇಬಲ್ ಸಾಕು. ಮಾದರಿ ವಿಮಾನಕ್ಕೆ ಪರಂಪರೆಯ ಮರ ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ಕಡೆಯಿಂದ ಬರುವ ಈ ಮರದ ಘನ ಮೀಟರಿನ ತೂಕ ಸಾಧಾರಣವಾಗಿ 160 ಕಿಲೋ ಆಸುಪಾಸು. ನಮ್ಮ ಖಾನಾಪುರ ಕಾಡಿನ ತೇಗ ಅದರ ನಾಲ್ಕು ಪಟ್ಟು ತೂಗುತ್ತದೆ. ಪಕ್ಕೆಲುಬುಗಳನ್ನು ಕತ್ತರಿಸಿ, ಉದ್ದನೆಯ ಸ್ಪಾರ್‌ಗೆ ಜೋಡಿಸಿ, ಮೇಲೆ ಬಿಸಿಗೆ ಬಿಗಿಯುವ ತೆಳು ಫಿಲ್ಮ್ ಹೊದಿಸಿದರೆ ರೆಕ್ಕೆ ಸಿದ್ಧ. ಬಾಲ್ಸಾ ತುಟ್ಟಿಯಾದರೆ ಥರ್ಮಾಕೋಲ್ ಹಲಗೆಯನ್ನು ಕಾಯಿಸಿದ ತಂತಿಯಿಂದ ಕೊಯ್ದು ರೆಕ್ಕೆಯ ಆಕಾರ ತೆಗೆಯಬಹುದು. ಅದರ ಮೇಲೆ ಫೆವಿಕಾಲ್‌ನಿಂದ ಬ್ರೌನ್ ಪೇಪರ್ ಅಂಟಿಸಿದರೆ ಸಾಕಷ್ಟು ಗಟ್ಟಿಯಾಗುತ್ತದೆ. ಎಂಜಿನ್ ಕೂರುವ ಫೈರ್‌ವಾಲ್ ಮಾತ್ರ ಒಳ್ಳೆಯ ಪ್ಲೈವುಡ್‌ನದೇ ಆಗಬೇಕು, ಅರಾಲ್ಡೈಟ್‌ನಂಥ ಎಪಾಕ್ಸಿಯಿಂದಲೇ ಕೂರಬೇಕು. ಮೆಥನಾಲ್ ಸಾಮಾನ್ಯ ಬಣ್ಣ, ಅಂಟುಗಳನ್ನು ಕರಗಿಸುತ್ತದೆ, ಎಣ್ಣೆ ಮರದೊಳಕ್ಕೆ ಇಳಿಯುತ್ತದೆ. ಆದ್ದರಿಂದ ಮೂತಿಯ ಭಾಗಕ್ಕೆಲ್ಲ ಎಪಾಕ್ಸಿ ಸವರುವುದನ್ನು ಮರೆಯಬಾರದು.

ಆಕಾರಕ್ಕೂ ಕಾರಣಗಳಿವೆ. ಕಲಿಕೆಯ ವಿಮಾನದ ರೆಕ್ಕೆ ಮೈಯ ಮೇಲೆ ಇರುತ್ತದೆ, ತುದಿಗಳು ಕೊಂಚ ಮೇಲಕ್ಕೆ ಎದ್ದಿರುತ್ತವೆ; ವಾಲಿದರೂ ತಾನೇ ಸಮಕ್ಕೆ ಬರಲು ಇದು ನೆರವಾಗುತ್ತದೆ. ಗುರುತ್ವ ಕೇಂದ್ರ ರೆಕ್ಕೆಯ ಅಗಲದ ಕಾಲು ಭಾಗದಿಂದ ಶೇಕಡ 30ರ ಒಳಗೆ ಬರಬೇಕು. ಅಂದರೆ 28 ಸೆಂಟಿಮೀಟರ್ ಅಗಲದ ರೆಕ್ಕೆಗೆ ಮುಂದಂಚಿನಿಂದ 7ರಿಂದ 8.4 ಸೆಂಟಿಮೀಟರ್ ಹಿಂದೆ. ಆ ಜಾಗಕ್ಕೆ ಎರಡು ಬೆರಳು ಕೊಟ್ಟು ಎತ್ತಿದಾಗ ವಿಮಾನ ಸಮನಾಗಿ ಅಥವಾ ಮೂತಿ ಕೊಂಚ ಬಾಗಿ ನಿಲ್ಲಬೇಕು. ಬಾಲ ಭಾರವಾದ ವಿಮಾನವನ್ನು ನುರಿತ ಕೈಯೂ ಉಳಿಸಲಾರದು. ಟ್ಯಾಂಕಿನ ನಡುಮಟ್ಟ ಕಾರ್ಬ್ಯುರೇಟರಿನ ಮಟ್ಟಕ್ಕೆ ಹೆಚ್ಚುಕಡಿಮೆ ಸರಿಯಾಗಿರಬೇಕು. ಟ್ಯಾಂಕಿನೊಳಗಿನ ಮೆದು ಕೊಳವೆಯ ತುದಿಗೆ ತೂಕದ ಗುಂಡು ಇರುತ್ತದೆ. ವಿಮಾನ ಹೇಗೆ ಹೊರಳಿದರೂ ಅದು ಇಂಧನ ಇರುವ ಕಡೆಗೇ ಬೀಳುತ್ತದೆ. ಪ್ರೊಪೆಲರ್ ಮೇಲೆ 10×6 ಎಂದು ಬರೆದಿದ್ದರೆ ಅದರ ವ್ಯಾಸ ಹತ್ತು ಇಂಚು, ಒಂದು ಸುತ್ತಿಗೆ ಅದು ಮುಂದೆ ಸಾಗಬಯಸುವ ದೂರ ಆರು ಇಂಚು. ನಿಮಿಷಕ್ಕೆ 12,000 ಸುತ್ತು ಎಂದಾದರೆ ಗಂಟೆಗೆ 110 ಕಿಲೋಮೀಟರ್ ಸಮೀಪ. ಪ್ರೌಢಶಾಲೆಯ ಮಕ್ಕಳಿಗೆ ಇಂಥ ಲೆಕ್ಕ ಕೊಟ್ಟು ನೋಡಿ, ಗಣಿತದ ಬಗೆಗಿನ ಅವರ ಮುನಿಸು ಎಷ್ಟು ಬೇಗ ಕರಗುತ್ತದೆ ಎಂದು ತಿಳಿಯುತ್ತದೆ.

ನಿಯಂತ್ರಣ ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನದು. ಕನಿಷ್ಠ ನಾಲ್ಕು ಚಾನೆಲ್ ಬೇಕು: ಉರುಳಿಸಲು ಏಲೆರಾನ್, ಮೂತಿ ಏರಿಳಿಸಲು ಎಲಿವೇಟರ್, ತಿರುಗಿಸಲು ರಡ್ಡರ್, ಎಂಜಿನ್‌ಗೆ ಥ್ರಾಟಲ್. ವಿಮಾನದೊಳಗಿನ ಪುಟ್ಟ ಸರ್ವೋಗಳು ರಿಸೀವರ್‌ನಿಂದ ಸೆಕೆಂಡಿಗೆ ಸುಮಾರು 50 ಸಲ ಆಜ್ಞೆ ಪಡೆದು ಈ ಭಾಗಗಳನ್ನು ಎಳೆಯುತ್ತವೆ. ಹಿಂದೆ ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ರೇಡಿಯೊ ಹಚ್ಚಿದರೆ ಒಬ್ಬರ ವಿಮಾನ ನೆಲಕ್ಕೆ ಬೀಳುವುದು ಖಚಿತವಾಗಿತ್ತು. ಇಂದಿನ 2.4 ಗಿಗಾಹರ್ಟ್ಸ್ ರೇಡಿಯೊಗಳಲ್ಲಿ ಪ್ರತಿ ರಿಸೀವರ್ ತನ್ನ ಟ್ರಾನ್ಸ್‌ಮಿಟರ್‌ನ ಮಾತನ್ನು ಮಾತ್ರ ಕೇಳುತ್ತದೆ. ಸಿಗ್ನಲ್ ಕಡಿದರೆ ಥ್ರಾಟಲ್ ತಾನಾಗಿ ಕೆಳಗಿಳಿಯುವಂತೆ ಫೇಲ್‌ಸೇಫ್ ಹೊಂದಿಸುವುದು ಹಾರಿಸುವವರ ಮೊದಲ ಕರ್ತವ್ಯ. ಕಲಿಯುವವರಿಗೆ ಕಷ್ಟವಾಗುವುದು ವಿಮಾನ ತಮ್ಮ ಕಡೆಗೆ ಬರುವಾಗ. ಆಗ ಎಡಬಲ ಅದಲುಬದಲಾದಂತೆ ತೋರುತ್ತದೆ. ಯಾವ ಕಡೆಯ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಸ್ಟಿಕ್ ದೂಡಿದರೆ ರೆಕ್ಕೆ ಎದ್ದು ಸಮಕ್ಕೆ ಬರುತ್ತದೆ ಎಂಬ ಸೂತ್ರ ಹಿಡಿದು, ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿಕೊಂಡು, ಮೊದಲ ಹಾರಾಟವನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಮಾಡಬೇಕು.

ಬ್ಯಾಟರಿ ಮೋಟಾರಿನ ವಿಮಾನ ಇಷ್ಟು ಸುಲಭವಾಗಿ ಸಿಗುವಾಗ ಎಣ್ಣೆ ಹೊಗೆಯ ಈ ಎಂಜಿನ್ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಹಾರುವುದನ್ನು ಕಲಿಯಲು ಬ್ಯಾಟರಿ ವಿಮಾನವೇ ಮೇಲು: ಸದ್ದು ಕಡಿಮೆ, ಶುಚಿ, ಥ್ರಾಟಲ್ ಒತ್ತಿದರೆ ಹೊರಟಿತು. ಹೊಸಬರು ಅಲ್ಲಿಂದಲೇ ಆರಂಭಿಸಲಿ. ಆದರೆ ಎಂಜಿನಿಯರ್ ಆಗಬೇಕೆನ್ನುವ ಮಗುವಿಗೆ ಗ್ಲೋ ಎಂಜಿನ್ ಕೊಡುವ ಪಾಠ ಮುಚ್ಚಿದ ಮೋಟಾರಿನಲ್ಲಿ ಸಿಗದು. ಅದನ್ನು ನಾಲ್ಕೈದು ಸ್ಕ್ರೂ ಬಿಚ್ಚಿ ಹರಡಬಹುದು. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಪೋರ್ಟ್‌ಗಳು ಎಲ್ಲ ಕಣ್ಣೆದುರು. ಅದರ ಸಿಲಿಂಡರ್ ಸ್ಲೀವ್ ಮೇಲ್ಭಾಗದಲ್ಲಿ ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕಿರಿದಾಗಿರುತ್ತದೆ. ತಣ್ಣಗಿರುವಾಗ ಪಿಸ್ಟನ್ ಮೇಲೆ ಬಂದರೆ ಬಿಗಿಯಾಗಿ ಹಿಡಿಯುತ್ತದೆ. ಕಾದ ಮೇಲೆ ಹಿತ್ತಾಳೆಯ ಸ್ಲೀವ್ ಹಿಗ್ಗಿ ಸರಿಯಾದ ಸಡಿಲು ಬರುತ್ತದೆ. ರಿಂಗೇ ಇಲ್ಲದೆ ಒತ್ತಡ ಹಿಡಿಯುವುದು ಹೀಗೆ. ಹೊಸ ಎಂಜಿನ್ನನ್ನು ಮೊದಲ ಕೆಲವು ಟ್ಯಾಂಕುಗಳಷ್ಟು ಹೊತ್ತು ಬಿಸಿ, ತಂಪು ಮಾಡುತ್ತ ಪಳಗಿಸಬೇಕಾದದ್ದೂ ಇದೇ ಕಾರಣಕ್ಕೆ.

ಈ ಅಳತೆಯ ಸೂಕ್ಷ್ಮ ಬೆಳಗಾವಿಗೆ ಹೊಸದಲ್ಲ. ಉದ್ಯಮಬಾಗ, ಮಚ್ಛೆಗಳ ಕಾರ್ಖಾನೆಗಳಲ್ಲಿ ಎರಕದ ಕೆಲಸವಿದೆ, ಲೇತ್, ಗ್ರೈಂಡಿಂಗ್, ಹೋನಿಂಗ್ ಇದೆ. ಹೈಡ್ರಾಲಿಕ್ ವಾಲ್ವ್‌ಗಳಿಗೆ ಈ ಊರು ದೇಶದಲ್ಲೇ ಹೆಸರು ಮಾಡಿದೆ. ಒಂದು ಸ್ಪೂಲ್ ತನ್ನ ರಂಧ್ರದೊಳಗೆ ಕೆಲವೇ ಮೈಕ್ರಾನ್ ಅಂತರದಲ್ಲಿ ಜಾರುವಂತೆ ಮಾಡಬಲ್ಲ ಕೈಗಳಿಗೆ ಕಿರು ಎಂಜಿನ್ನಿನ ಪಿಸ್ಟನ್ ಮತ್ತು ಸ್ಲೀವ್ ಅರ್ಥವಾಗದ ವಸ್ತುವಲ್ಲ. ಪ್ರಾಪ್ ನಟ್, ಎಂಜಿನ್ ಮೌಂಟ್, ಸೈಲೆನ್ಸರ್ ಅಡಾಪ್ಟರ್‌ಗಳನ್ನು ದೂರದಿಂದ ತರಿಸುವ ಬದಲು ಇಲ್ಲಿಯ ಲೇತ್ ಮೇಲೆಯೇ ತಿರುವಿಸಿಕೊಳ್ಳಬಹುದು. ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಒಂದು ಕ್ರ್ಯಾಂಕ್‌ಕೇಸ್ ಎರಕ ಹೊಯ್ಯಿಸಿ, ಯಂತ್ರಕ್ಕೆ ಹಾಕಿ, ಓಡುವ ಎಂಜಿನ್ ಮಾಡಿದರೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ?

ಆಪತ್ತುಗಳನ್ನು ಮುಚ್ಚಿಡದೆ ಹೇಳಬೇಕು. ಹತ್ತು ಇಂಚಿನ ಪ್ರೊಪೆಲರ್‌ನ ತುದಿ 12,000 ಸುತ್ತಿನಲ್ಲಿ ಗಂಟೆಗೆ 570 ಕಿಲೋಮೀಟರ್ ದಾಟುತ್ತದೆ. ಬೆರಳು ತಾಗಿದರೆ ಬೆರಳು ಉಳಿಯದು. ಎಂಜಿನ್ ಹಿಡಿದ ಮೇಲೆ ಅದರ ಹಿಂದಕ್ಕೆ ಬಂದು ನೀಡಲ್ ತಿರುಗಿಸಬೇಕು, ಬ್ಯಾಟರಿಯ ಕ್ಲಿಪ್ ಹಿಂದಿನಿಂದಲೇ ತೆಗೆಯಬೇಕು, ಪ್ರೊಪೆಲರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು. ಮೆಥನಾಲ್ ವಿಷ. ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು, ಜೀವ ತೆಗೆದದ್ದು ಇದೇ. ಅದರ ಮಾರಾಟ, ದಾಸ್ತಾನಿಗೆ ಸರ್ಕಾರದ ಕಟ್ಟುಪಾಡುಗಳಿವೆ; ಮನೆಯಲ್ಲಿ ಬೆರೆಸುವ ಸಾಹಸಕ್ಕೆ ಹೋಗದೆ ಸಿದ್ಧ ಇಂಧನ ಕೊಂಡು, ಹೆಸರು ಬರೆದ ಡಬ್ಬಿಯಲ್ಲಿ, ಬೀಗದೊಳಗೆ ಇಡಬೇಕು. ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಬಹುತೇಕ ಕಾಣುವುದೇ ಇಲ್ಲ. ಒಣಹುಲ್ಲಿನ ನಡುವೆ ಇದು ದೊಡ್ಡ ಅಪಾಯ. ಮೆಥನಾಲ್ ನೀರಿನಲ್ಲಿ ಬೆರೆಯುವುದರಿಂದ ಸಾಕಷ್ಟು ನೀರು ಹೊಯ್ದರೆ ಬೆಂಕಿ ಆರುತ್ತದೆ; ಆದ್ದರಿಂದ ಎಂಜಿನ್ ಚಾಲೂ ಮಾಡುವ ಜಾಗದಲ್ಲಿ ನೀರು ತುಂಬಿದ ಬಕೆಟ್ ಇರಲೇಬೇಕು.

ಹಾರಿಸುವುದು ಎಲ್ಲಿ? ರಾಮತೀರ್ಥ ನಗರದ ಖಾಲಿ ಸೈಟುಗಳನ್ನು ನೋಡಿ ಮನಸ್ಸು ಚಂಚಲವಾದೀತು. ಅಲ್ಲಿ ಬೇಡ. ಮನೆ, ತಂತಿ, ಜನ ಸಂಚಾರದ ಜೊತೆಗೆ ಕಾನೂನಿನ ಕಾರಣವೂ ಇದೆ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಕಲಿಕೆ, ಸಂಶೋಧನೆ, ಮನರಂಜನೆಗಾಗಿ ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸುವ 25 ಕಿಲೋವರೆಗಿನ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಗುರುತಿಸಿವೆ. ಆ ನಿಯಮಗಳ ಪ್ರಕಾರ ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರ್ ನಡುವೆ, ಅನುಮತಿ ಬೇಡದ ಹಸಿರು ವಲಯದ ಎತ್ತರದ ಮಿತಿ 200 ಅಡಿ. ಅದರಾಚೆ 400 ಅಡಿ. ಬೆಳಗಾವಿ ನಗರದ ಬಹುಭಾಗ ಸಾಂಬ್ರಾದ ಸುತ್ತಲಿನ ಈ 12 ಕಿಲೋಮೀಟರ್ ಒಳಗೇ ಬರುತ್ತದೆ. ಮೇಲಾಗಿ ನಮ್ಮದು ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ದಂಡಿನ ಊರು. ಆದ್ದರಿಂದ ಕಟ್ಟುವುದು ರಾಮತೀರ್ಥ ನಗರದಲ್ಲಾದರೂ ಹಾರಿಸುವುದು ಖಾನಾಪುರದ ಕಡೆಗೆ.

ಖಾನಾಪುರ ಪಟ್ಟಣ ಸಾಂಬ್ರಾದಿಂದ ಇಪ್ಪತ್ತು ಕಿಲೋಮೀಟರಿಗೂ ದೂರ. ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಕಾಡು, ಭೀಮಗಡ ವನ್ಯಜೀವಿ ಧಾಮದ ನೆಲೆ. ಅಲ್ಲಿ ಎಂಜಿನ್ ಸದ್ದಿಗೆ, ಬೆಂಕಿಗೆ, ಹಾರಾಟಕ್ಕೆ ಜಾಗವಿಲ್ಲ. ಪೂರ್ವಕ್ಕೆ ಇಟಗಿ, ಪಾರಿಶ್ವಾಡದ ಕಡೆ ನೆಲ ಬಿಚ್ಚಿಕೊಳ್ಳುತ್ತದೆ. ಸುಗ್ಗಿ ಮುಗಿದ ಮೇಲೆ ಅಲ್ಲಿ ಬಯಲು ಸಿಗುತ್ತದೆ. ಮುಂಗಾರಿನ ಪಡುಗಾಳಿ ಮತ್ತು ಮಳೆಯಲ್ಲಿ ಹಾರಾಟ ಆಗದ ಮಾತು. ದೀಪಾವಳಿಯಿಂದ ಫೆಬ್ರವರಿವರೆಗಿನ ಮುಂಜಾವು, ಗಾಳಿ ಏಳುವ ಮೊದಲಿನ ಹೊತ್ತು, ಎಲ್ಲಕ್ಕಿಂತ ಒಳ್ಳೆಯದು. ಹೊಲದ ಒಡೆಯರ ಒಪ್ಪಿಗೆ ಪಡೆದು, ದನಕರು, ವಿದ್ಯುತ್ ತಂತಿ, ರಸ್ತೆ, ರೈಲು ಹಳಿಗಳಿಂದ ದೂರ ಸರಿದು, ಸೈಲೆನ್ಸರ್ ಹಾಕಿಯೇ ಹಾರಿಸಬೇಕು. ಪ್ರತಿ ಸಲವೂ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ವಲಯದ ಬಣ್ಣ ನೋಡಿ, ನೋಂದಣಿ ಮತ್ತು ವಿಮೆಯ ಚಾಲ್ತಿ ನಿಯಮ ತಿಳಿದುಕೊಂಡೇ ಹೊರಡಬೇಕು.

ಆದರೆ ಒಬ್ಬೊಬ್ಬರೇ ಹೊಲ ಹುಡುಕುವ ಈ ಪಾಡು ಮುಂದುವರಿಯಬಾರದು. ನೂರೈವತ್ತು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಗಟ್ಟಿ ನೆಲದ ಪಟ್ಟಿ, ಅದರ ಸುತ್ತ ಜನವಸತಿ ಇಲ್ಲದ ಬಯಲು, ಒಂದು ನೆರಳು, ಒಂದು ನೀರಿನ ತೊಟ್ಟಿ. ಬೇಕಾದದ್ದು ಇಷ್ಟೇ. ಕಾಂಕ್ರೀಟ್ ಬೇಡ, ಕಟ್ಟಡ ಬೇಡ. ಜಿಲ್ಲಾಡಳಿತ ಖಾನಾಪುರ ತಾಲ್ಲೂಕಿನ ಪೂರ್ವ ಭಾಗದಲ್ಲಿ ಇಂಥ ಒಂದು ಜಾಗವನ್ನು ಗ್ರಾಮ ಪಂಚಾಯಿತಿಯ ಒಪ್ಪಿಗೆಯಿಂದ ಗುರುತಿಸಲಿ. ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ನಗರದ ಎಂಜಿನಿಯರಿಂಗ್ ಕಾಲೇಜುಗಳು ಅದರ ಹೊಣೆ ಹೊರಲಿ. ಎನ್‌ಸಿಸಿ ವಾಯು ವಿಭಾಗದ ಬೋಧಕರು ಶಿಸ್ತು ಕಲಿಸಲಿ. ಉದ್ಯಮಬಾಗದ ಕಾರ್ಖಾನೆಯವರು ತಿಂಗಳಿಗೆ ಒಂದು ಭಾನುವಾರ ಮಕ್ಕಳಿಗೆ ಒಂದು ಲೇತ್, ಒಬ್ಬ ಕುಶಲ ಕೆಲಸಗಾರರ ಸಮಯ ಬಿಟ್ಟುಕೊಡಲಿ. ಸರ್ಕಾರಿ ಶಾಲೆಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಅಲ್ಲಿ ಸಮಪಾಲು ಇರಲಿ.

1878ರಲ್ಲಿ ಮಿಲ್ಟನ್ ರೈಟ್ ಎಂಬ ಅಪ್ಪ ತನ್ನ ಇಬ್ಬರು ಗಂಡುಮಕ್ಕಳಿಗೆ ರಬ್ಬರಿನಿಂದ ಹಾರುವ ಆಟಿಕೆ ತಂದುಕೊಟ್ಟ. ಆ ಮಕ್ಕಳು ಅದನ್ನು ಮುರಿಯುವ ತನಕ ಆಡಿ, ಅದೇ ಬಗೆಯದನ್ನು ತಾವೇ ಕಟ್ಟಿದರು. 25 ವರ್ಷಗಳ ನಂತರ ಮನುಷ್ಯನನ್ನು ಹೊತ್ತ ವಿಮಾನ ಹಾರಿಸಿದ ರೈಟ್ ಸಹೋದರರು ಅವರೇ. ಬೆಳಗಾವಿಯ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟು: ಈ ದೀಪಾವಳಿಗೆ ಮಕ್ಕಳ ಕೈಗೆ ಒಂದು ಥರ್ಮಾಕೋಲ್ ಗ್ಲೈಡರ್ ಕೊಡಿ. ಅದು ಮುರಿದರೆ ಬೈಯಬೇಡಿ, ಜೊತೆಗೆ ಕೂತು ಅಂಟಿಸಿ. ಅಲ್ಲಿಂದ ಬ್ಯಾಟರಿ ವಿಮಾನ, ಆಮೇಲೆ ಗ್ಲೋ ಎಂಜಿನ್ ಎಂದು ಹೆಜ್ಜೆ ಹೆಜ್ಜೆಯಾಗಿ ನಡೆಸಿ. ಜಾಗ ಕೊಡಬಲ್ಲ ಅಧಿಕಾರಿಗಳು ತಡಮಾಡದೆ ಒಂದು ಬಯಲು ಗೊತ್ತುಮಾಡಲಿ.